ಘಾಟ್ ಇಳಿದ ಮೇಲಿನ ಲೆಕ್ಕ: ಗೋವಾದಲ್ಲಿ ನೆಲೆಸಿದರೆ ಏನು ಲಾಭ, ಏನು ತೊಂದರೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಗೋವಾದ ನಂಟಿಲ್ಲದ ಊರು ಸಿಗುವುದು ಕಷ್ಟ. ಒಬ್ಬರ ಅಣ್ಣ ವಾಸ್ಕೋದಲ್ಲಿ ಗೌಂಡಿ. ಇನ್ನೊಬ್ಬರ ಸೋದರಮಾವ ಮಡಗಾಂವದಲ್ಲಿ ಕಾಯಿಪಲ್ಲೆ ಮಾರುತ್ತಾರೆ. ಮತ್ತೊಬ್ಬರ ಮಗಳು ವೆರ್ಣಾದ ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಾಳೆ. ಇಷ್ಟು ದಿನ ಇದು ಬರೀ ದುಡಿಮೆಯ ಮಾತಾಗಿತ್ತು. 2025ರಲ್ಲಿ ಅದು ಕಾಗದಪತ್ರದ ಮಾತೂ ಆಯಿತು. ಆ ವರ್ಷ ಗೋವಾದಲ್ಲಿ ಅಕ್ರಮ ಕಟ್ಟಡಗಳ ಮೇಲೆ ಹೈಕೋರ್ಟ್ ಆದೇಶ ಬಂತು, ಅದರ ಬೆನ್ನಿಗೇ ಹಳೆಯ ಮನೆಗಳನ್ನು ಸಕ್ರಮ ಮಾಡುವ ಕಾನೂನು ಬಂತು. ವರ್ಷದ ಕೊನೆಗೆ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆ ಶುರುವಾಯಿತು. ಹಬ್ಬಕ್ಕೆ ಊರಿಗೆ ಬಂದವರು ಈಗ ಕೇಳುವ ಪ್ರಶ್ನೆ ಬೇರೆ. ಹೆಸರು ಇಲ್ಲೇ ಇರಲೋ, ಅಲ್ಲಿ ಹಾಕಿಸಲೋ? ಅಲ್ಲೇ ಮನೆ ಮಾಡಲೋ, ಬೇಡವೋ?

ಉತ್ತರ ತಿಳಿಯಬೇಕಾದರೆ ಒಂದು ಸಂಗತಿ ಮೊದಲೇ ಮನಸ್ಸಿನಲ್ಲಿರಬೇಕು. ಗೋವಾದಲ್ಲಿ ಪಗಾರ ಮೊದಲ ದಿನದಿಂದಲೇ ಸಿಗುತ್ತದೆ. ಉಳಿದದ್ದೆಲ್ಲ, ಅಂದರೆ ಸವಲತ್ತು, ಸರ್ಕಾರಿ ನೌಕರಿ, ಆಸ್ಪತ್ರೆ ಕಾರ್ಡು, ನೀವು ಅಲ್ಲಿ ಎಷ್ಟು ವರ್ಷದಿಂದ ಇದ್ದೀರಿ ಎಂಬುದಕ್ಕೆ ಕಾಗದ ಇದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿದೆ.

ಗೋವಾ ಎಷ್ಟು ದೊಡ್ಡದು?

ದೊಡ್ಡದೇ ಅಲ್ಲ. ವಿಸ್ತೀರ್ಣದಲ್ಲಿ ದೇಶದ ಅತಿ ಚಿಕ್ಕ ರಾಜ್ಯ ಅದು. 3,702 ಚದರ ಕಿಲೋಮೀಟರ್, ಅಂದರೆ ನಮ್ಮ ಬೆಳಗಾವಿ ಜಿಲ್ಲೆಯ ಕಾಲು ಭಾಗಕ್ಕಿಂತ ತುಸು ಜಾಸ್ತಿ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 14.58 ಲಕ್ಷ ಜನ. ಬೆಳಗಾವಿ ಜಿಲ್ಲೆಯೊಂದರಲ್ಲೇ ಆಗ 47 ಲಕ್ಷಕ್ಕೂ ಹೆಚ್ಚು ಜನರಿದ್ದರು. ಆದರೆ ಅಷ್ಟು ಚಿಕ್ಕ ಜಾಗಕ್ಕೆ 2024ರಲ್ಲಿ ಬಂದ ಪ್ರವಾಸಿಗರು ಒಂದು ಕೋಟಿಗೂ ಹೆಚ್ಚು.

ಗೋವಾದ ಒಳ್ಳೆಯದೂ ಕೆಟ್ಟದ್ದೂ ಈ ಲೆಕ್ಕದಲ್ಲೇ ಅಡಗಿವೆ. ಬರುವ ಜನ ಜಾಸ್ತಿ, ಹಾಗಾಗಿ ಕೆಲಸ ಜಾಸ್ತಿ. ಅಲ್ಲಿಯ ಯುವಕರಲ್ಲಿ ಬಹಳ ಮಂದಿ ವಿದೇಶಕ್ಕೋ ಹಡಗಿನ ನೌಕರಿಗೋ ಹೋಗುತ್ತಾರೆ. ಹಾಗಾಗಿ ಕೈಕೆಲಸಕ್ಕೆ ಹೊರಗಿನವರು ಬೇಕೇ ಬೇಕು. ನೆಲ ಮಾತ್ರ ಕಡಿಮೆ. ಅದಕ್ಕೇ ಮನೆ ಬಾಡಿಗೆಯೂ ಜಾಗದ ಬೆಲೆಯೂ ಏರುತ್ತಲೇ ಇರುತ್ತವೆ. ದಿಲ್ಲಿ, ಮುಂಬೈ, ಬೆಂಗಳೂರಿನ ಶ್ರೀಮಂತರು ರಜೆಗೆಂದು ಎರಡನೆಯ ಮನೆ ಕೊಳ್ಳುವ ಊರು ಅದು. ದಿನಗೂಲಿಯವರು ಅಂಥವರ ಜೊತೆ ಅದೇ ನೆಲಕ್ಕೆ ಪೈಪೋಟಿ ಮಾಡಬೇಕು.

ಇನ್ನೊಂದು ವಿಷಯ. ಗೋವಾ ಸುಮಾರು 450 ವರ್ಷ ಪೋರ್ಚುಗೀಸರ ಕೈಯಲ್ಲಿತ್ತು. ಬಿಡುಗಡೆಯಾದದ್ದು 1961ರ ಡಿಸೆಂಬರ್ 19ರಂದು. ಪೂರ್ಣ ರಾಜ್ಯವಾದದ್ದು 1987ರ ಮೇ 30ರಂದು. ಅವರು ಹೋದರೂ ಅವರ ಕೆಲವು ಕಾನೂನು ಉಳಿದಿವೆ. ಅದರ ಮಾತು ಮುಂದೆ ಬರುತ್ತದೆ.

ದುಡಿಮೆಗೂ ಒಂದು ಹಂಗಾಮಿದೆ

ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಗೋವಾದಲ್ಲಿ ಕೈಗೆ ಬಿಡುವಿರುವುದಿಲ್ಲ. ಹೋಟೆಲ್, ಕಟ್ಟಡ, ಪೇಂಟಿಂಗ್, ಮೀನಿನ ಜೆಟ್ಟಿ, ಲಾಂಡ್ರಿ, ಎಲ್ಲಾ ಕಡೆ ಜನ ಬೇಕು. ಏಪ್ರಿಲ್, ಮೇ ತಿಂಗಳು ಶಾಲೆ ರಜೆಯ ಪ್ರವಾಸಿಗರಿಂದ ನಡೆಯುತ್ತವೆ. ಜೂನ್ ಬಂತೆಂದರೆ ಚಿತ್ರವೇ ಬೇರೆ. ಸಮುದ್ರ ದಂಡೆಯ ಶ್ಯಾಕ್‌ಗಳನ್ನು, ಅಂದರೆ ಸೀಸನ್ನಿಗೆಂದು ಕಟ್ಟಿದ ತಾತ್ಕಾಲಿಕ ಹೋಟೆಲುಗಳನ್ನು, ಬಿಚ್ಚಿಡುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಹೊರಗೋಡೆಗೆ ಬಣ್ಣ ಹಚ್ಚುವಂತಿಲ್ಲ, ಸ್ಲ್ಯಾಬ್ ಹಾಕಲು ಮಳೆ ಬಿಡುವುದಿಲ್ಲ.

ಊರಲ್ಲಿ ಹೊಲ ಇದ್ದವರಿಗೆ ಇದು ಒಂದು ರೀತಿ ಅನುಕೂಲವೇ. ಗೋವಾದಲ್ಲಿ ಕೆಲಸ ಇಳಿಯುವ ಹೊತ್ತಿಗೆ ಇಲ್ಲಿ ಮುಂಗಾರು ಬಿತ್ತನೆ. ಬಂದು ಹೆಸರು, ತೊಗರಿ ಬಿತ್ತಿ ಹೋಗಬಹುದು. ಆದರೆ ವಿಜಯಪುರ, ಬಾಗಲಕೋಟೆಯ ಬಹುಪಾಲು ಬಿಳಿಜೋಳ ಹಿಂಗಾರಿ ಬೆಳೆ. ಅದರ ಬಿತ್ತನೆ ಸೆಪ್ಟೆಂಬರ್-ಅಕ್ಟೋಬರ್. ಸರಿಯಾಗಿ ಅದೇ ಹೊತ್ತಿಗೆ ಗೋವಾದ ಸೀಸನ್ ಏಳುತ್ತದೆ. ಹೊಲ ಮಾಡಬೇಕೋ ಕೂಲಿ ಹಿಡಿಯಬೇಕೋ ಎಂಬ ಜಗ್ಗಾಟ ಎಷ್ಟೋ ಮನೆಗಳಲ್ಲಿ ಪ್ರತಿ ವರ್ಷ ಇದ್ದದ್ದೇ. ಕೊನೆಗೆ ಹೊಲ ಲಾವಣಿಗೆ, ಅಂದರೆ ಗೇಣಿಗೆ, ಹೋಗುತ್ತದೆ.

ಹಂಗಾಮು ತಪ್ಪಿದರೆ ಹೊಂದಿಸಿಕೊಳ್ಳಬಹುದು. ಕೆಲಸದ ಮೂಲವೇ ನಿಂತರೆ? 2012ರಲ್ಲಿ ಅಕ್ರಮದ ಆರೋಪದ ಮೇಲೆ ಗೋವಾದ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಮತ್ತೆ ಶುರುವಾಗಿ, 2018ರಲ್ಲಿ ಸುಪ್ರೀಂ ಕೋರ್ಟ್ 88 ಗುತ್ತಿಗೆಗಳನ್ನು ರದ್ದು ಮಾಡಿದಾಗ ಮತ್ತೆ ನಿಂತಿತು. ಟಿಪ್ಪರ್ ಓಡಿಸುತ್ತಿದ್ದವರು, ಗ್ಯಾರೇಜಿನವರು, ಗಣಿ ರಸ್ತೆಯಲ್ಲಿ ಖಾನಾವಳಿ ಇಟ್ಟವರು ಎಲ್ಲರಿಗೂ ಪೆಟ್ಟು ಬಿತ್ತು. 2020ರ ಲಾಕ್‌ಡೌನ್ ಬಗ್ಗೆ ಹೇಳುವುದೇ ಬೇಡ. ಕಾರ್ಖಾನೆಯ ಕಾಯಂ ನೌಕರಿಗೂ ಪ್ರವಾಸಿಗರನ್ನೇ ನಂಬಿದ ಕೆಲಸಕ್ಕೂ ಇರುವ ವ್ಯತ್ಯಾಸ ಇದು. ಮೊದಲನೆಯದರಲ್ಲಿ ಪಿಎಫ್ ಇರುತ್ತದೆ, ಕೆಲಸ ಬಿಟ್ಟು ಊರಿಗೆ ಬಂದರೂ ಆ ಖಾತೆ ನಿಮ್ಮದೇ. ಎರಡನೆಯದರಲ್ಲಿ ನಾಳೆಯ ಮಾತು ನಾಳೆಗೆ.

ಕಟ್ಟಡ ಕೆಲಸದವರು ಒಂದನ್ನು ಮರೆಯಬಾರದು. ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಕಾರ್ಮಿಕರು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು ಎಂದೇ 1996ರ ಕಾಯ್ದೆ ಹೇಳಿತ್ತು. ಅಂಥ ಮಂಡಳಿ ಗೋವಾದಲ್ಲೂ ಇದೆ. ಹೊರ ರಾಜ್ಯದವರು ಎಂಬುದು ಅಡ್ಡಿಯಲ್ಲ.

15 ವರ್ಷದ ಲೆಕ್ಕ

ಗೋವಾ ಸರ್ಕಾರದ ಯೋಜನೆಗಳು ಚೆನ್ನಾಗಿವೆ ಎಂದು ಎಲ್ಲರೂ ಹೇಳುತ್ತಾರೆ. ನಿಜ. ಯಾರಿಗೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

'ಗೃಹ ಆಧಾರ' ಎಂಬ ಯೋಜನೆಯಲ್ಲಿ ಗೃಹಿಣಿಯರಿಗೆ ತಿಂಗಳಿಗೆ 1,500 ರೂಪಾಯಿ ಬರುತ್ತದೆ. ಅದಕ್ಕೆ 15 ವರ್ಷ ಗೋವಾದಲ್ಲಿ ವಾಸವಿರಬೇಕು. ವಯಸ್ಸಾದವರಿಗೆ, ವಿಧವೆಯರಿಗೆ, ಅಂಗವಿಕಲರಿಗೆ ಕೊಡುವ ದಯಾನಂದ ಸಾಮಾಜಿಕ ಭದ್ರತಾ ಪಿಂಚಣಿಗೂ ವಾಸದ ವರ್ಷಗಳ ಷರತ್ತಿದೆ. ಸರ್ಕಾರಿ ನೌಕರಿಗೂ 15 ವರ್ಷದ ವಾಸ ಬೇಕು, ಜೊತೆಗೆ ಕೊಂಕಣಿ ಬರಬೇಕು. 'ದೀನ್ ದಯಾಳ್ ಸ್ವಾಸ್ಥ್ಯ ಸೇವಾ' ಎಂಬ ಆರೋಗ್ಯ ವಿಮೆ ತುಸು ಉದಾರ. ಐದು ವರ್ಷ ವಾಸವಿದ್ದರೆ ಸಾಕು. ಮೂವರವರೆಗಿನ ಕುಟುಂಬಕ್ಕೆ ವರ್ಷಕ್ಕೆ 2.5 ಲಕ್ಷ, ಅದಕ್ಕಿಂತ ದೊಡ್ಡ ಕುಟುಂಬಕ್ಕೆ 4 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿ ಬರುತ್ತದೆ.

ಕಾರ್ಡು ಇಲ್ಲದಿದ್ದರೆ? ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಆಸ್ಪತ್ರೆ 1842ರಲ್ಲಿ ಶುರುವಾದ ಬಹಳ ಹಳೆಯ ಸಂಸ್ಥೆ. ಮೊದಲು ಯಾರು ಹೋದರೂ ಪುಕ್ಕಟೆ ನೋಡುತ್ತಿದ್ದರು. 2018ರಿಂದ ಹೊರಗಿನವರಿಗೆ ಶುಲ್ಕ ಹಾಕಿದ್ದಾರೆ. ತಮಾಷೆ ಎಂದರೆ ಗೋವಾದವರು ದೊಡ್ಡ ಕಾಯಿಲೆಗೆ ಘಾಟ್ ಹತ್ತಿ ಬೆಳಗಾವಿಯ ಆಸ್ಪತ್ರೆಗಳಿಗೆ ಬರುತ್ತಾರೆ.

ಈಗ 15 ವರ್ಷ ಇದ್ದೇವೆ ಎಂದು ತೋರಿಸುವುದು ಹೇಗೆ ಎಂಬ ಪ್ರಶ್ನೆ. ವಾಸದ ಪ್ರಮಾಣಪತ್ರ ಕೊಡುವವರು ಮಾಮಲೆದಾರರು. ನಮ್ಮ ತಹಶೀಲ್ದಾರರ ಹಾಗೆ ಅವರು. ಅವರು ಕೇಳುವುದು ಬಾಯಿಮಾತಲ್ಲ. ಮಕ್ಕಳ ಶಾಲೆಯ ದಾಖಲೆ, ಮತದಾರರ ಪಟ್ಟಿಯಲ್ಲಿ ಹೆಸರು, ಕರೆಂಟ್ ಬಿಲ್, ಬಾಡಿಗೆ ಕರಾರು, ನೌಕರಿಯ ಪತ್ರ. ನಮ್ಮವರು ಸೋಲುವುದು ಇಲ್ಲೇ. ಕೋಣೆಯ ಮಾಲೀಕರು ಬಾಡಿಗೆ ಕರಾರು ಬರೆದುಕೊಡಲು ಹಿಂದೇಟು ಹಾಕುತ್ತಾರೆ. ಬಾಡಿಗೆದಾರ ಮುಂದೆ ಹಕ್ಕು ಕೇಳಿಯಾನು ಎಂಬ ಭಯ ಅವರಿಗೆ. ಕರೆಂಟ್ ಮೀಟರ್ ಅವರ ಹೆಸರಲ್ಲೇ ಇರುತ್ತದೆ. ಜೂನ್‌ನಲ್ಲಿ ಬಾಡಿಗೆ ಉಳಿಸಲು ಕೋಣೆ ಖಾಲಿ ಮಾಡಿ ಊರಿಗೆ ಬರುತ್ತೀರಿ, ಅಕ್ಟೋಬರ್‌ನಲ್ಲಿ ಬೇರೆ ಕೋಣೆ ಹಿಡಿಯುತ್ತೀರಿ. ಹೀಗೆ ಇಪ್ಪತ್ತು ವರ್ಷ ಗೋವಾದಲ್ಲೇ ದುಡಿದರೂ ಕಾಗದದ ಮೇಲೆ ನೀವು ಅಲ್ಲಿ ಇರಲೇ ಇಲ್ಲ!

ಬಾಡಿಗೆದಾರರ ಮಾಹಿತಿಯನ್ನು ಪೊಲೀಸ್ ಠಾಣೆಗೆ ಕೊಡಬೇಕೆಂಬ ನಿಯಮ ಗೋವಾದಲ್ಲಿದೆ. ಆ ಫಾರ್ಮ್ ಎಂದರೆ ಹಲವರು ಹೆದರುತ್ತಾರೆ. ಹೆದರುವಂಥದ್ದೇನೂ ಅದರಲ್ಲಿಲ್ಲ. ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ನೀವು ಯಾವ ವರ್ಷ ಎಲ್ಲಿದ್ದಿರಿ ಎಂದು ಹೇಳುವ ಇನ್ನೊಂದು ಕಾಗದ ಅದು.

ಕರ್ನಾಟಕದ ಸವಲತ್ತು ಘಾಟ್ ಇಳಿಯುತ್ತದೆಯೇ?

ಬಹುಪಾಲು ಇಳಿಯುವುದಿಲ್ಲ. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಒಳಗೆ ಮಾತ್ರ. ಬೆಳಗಾವಿ-ಪಣಜಿಯಂಥ ಅಂತರರಾಜ್ಯ ಬಸ್ಸಿಗೆ ಟಿಕೆಟ್ ತೆಗೆಯಲೇಬೇಕು. ಗೃಹಜ್ಯೋತಿ ಇಲ್ಲಿಯ ಮೀಟರಿಗಷ್ಟೇ. ಗೃಹಲಕ್ಷ್ಮಿಯ 2,000 ರೂಪಾಯಿ ಇಲ್ಲಿಯ ರೇಷನ್ ಕಾರ್ಡಿಗೆ ಗಂಟು ಬಿದ್ದಿದೆ. ಗೋವಾದಲ್ಲಿ ಹೊಸ ಕಾರ್ಡು ಮಾಡಿಸಬೇಕೆಂದರೆ ಇಲ್ಲಿಯ ಕಾರ್ಡಿನಿಂದ ಹೆಸರು ತೆಗೆಸಬೇಕು. ಎರಡು ಕಡೆ ಕಾರ್ಡು ಇಟ್ಟುಕೊಳ್ಳುವಂತಿಲ್ಲ.

ರೇಷನ್ ಅಕ್ಕಿ ಮಾತ್ರ ಬೇರೆ. 'ಒಂದು ದೇಶ, ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿ ಬೆಳಗಾವಿಯ ಕಾರ್ಡು ತೋರಿಸಿ, ಬೆರಳಚ್ಚು ಕೊಟ್ಟು ವಾಸ್ಕೋದ ರೇಷನ್ ಅಂಗಡಿಯಲ್ಲೂ ಧಾನ್ಯ ಪಡೆಯಬಹುದು. ನೀವು ಅಲ್ಲಿ ಸ್ವಲ್ಪ ತೆಗೆದುಕೊಂಡು, ಉಳಿದದ್ದನ್ನು ಊರಲ್ಲಿ ಅವ್ವ ತೆಗೆದುಕೊಳ್ಳುವುದಕ್ಕೂ ಅವಕಾಶವಿದೆ. ಆದರೆ ಕೇಂದ್ರದ ಆಹಾರ ಭದ್ರತಾ ಕಾಯ್ದೆಯ ಪಾಲಿಗಷ್ಟೇ ಇದು ಅನ್ವಯ. ಕರ್ನಾಟಕ ತನ್ನ ಲೆಕ್ಕದಲ್ಲಿ ಹೆಚ್ಚುವರಿಯಾಗಿ ಕೊಡುವುದು ಅಲ್ಲಿ ಸಿಗುವುದಿಲ್ಲ.

ಮನೆ: ನಂಬರ್ ಇದ್ದರೆ ಸಾಲದು

ಗೋವಾದಲ್ಲಿ ನಮ್ಮ ಜನಕ್ಕೆ ಅತಿ ಹೆಚ್ಚು ಪೆಟ್ಟು ಬಿದ್ದಿರುವುದು ಮನೆಯ ವಿಷಯದಲ್ಲಿ. ವಾಸ್ಕೋದ ಬೈನಾದಲ್ಲಿ 2004ರಲ್ಲಿ ಗುಡಿಸಲು, ಮನೆಗಳನ್ನು ನೆಲಸಮ ಮಾಡಿದ್ದು ಇನ್ನೂ ಹಲವರ ನೆನಪಿನಲ್ಲಿದೆ. ಆಮೇಲೂ ಅಲ್ಲಿ ತೆರವು ನಡೆದಿದೆ. ಝುವಾರಿನಗರ, ಮಡಗಾಂವದ ಮೋತಿ ಡೋಂಗರದಂಥ ಕಡೆ ಕನ್ನಡದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ.

ತೊಡಕು ಎಲ್ಲಿ ಎಂದರೆ, ಪಂಚಾಯಿತಿ ಮನೆಗೆ ನಂಬರ್ ಕೊಡುತ್ತದೆ, ಮನೆಪಟ್ಟಿ ವಸೂಲಿ ಮಾಡುತ್ತದೆ. ಕರೆಂಟ್ ಬರುತ್ತದೆ, ನಲ್ಲಿ ಬರುತ್ತದೆ. ಇಷ್ಟೆಲ್ಲ ಇದ್ದ ಮೇಲೆ ಮನೆ ನಮ್ಮದೇ ಎಂದು ಜನ ನಂಬುತ್ತಾರೆ. ಆದರೆ ಮನೆಪಟ್ಟಿ ಕಟ್ಟಿದ ರಸೀದಿ ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿ, ಜಾಗ ನಿಮ್ಮದೆಂಬುದಕ್ಕೆ ಅಲ್ಲ.

ಜಾಗ ಯಾರದು ಎಂದು ತಿಳಿಯಲು ನಮ್ಮಲ್ಲಿ ಉತಾರ (ಪಹಣಿ) ನೋಡುತ್ತೇವೆ, ಅಲ್ವಾ? ಗೋವಾದಲ್ಲಿ ಅದಕ್ಕೆ 'ಒನ್ ಫೋರ್ಟೀನ್' ಎನ್ನುತ್ತಾರೆ. ಫಾರ್ಮ್ 1 ಮತ್ತು 14 ಎಂಬುದರ ಆಡುಮಾತು ಅದು. ಅದರಲ್ಲಿ ಮಾಲೀಕರ ಹೆಸರಿನ ಜೊತೆಗೆ ಗೇಣಿದಾರರು, ಬೇರೆ ಹಕ್ಕುದಾರರು ಇದ್ದರೆ ಅವರ ಹೆಸರೂ ಬೇರೆ ಕಾಲಮ್ಮಿನಲ್ಲಿ ಇರುತ್ತದೆ. ಒಂದೇ ಜಾಗಕ್ಕೆ ಹತ್ತಾರು ಪಾಲುದಾರರು, ಅವರಲ್ಲಿ ಕೆಲವರು ಪೋರ್ಚುಗಲ್‌ನಲ್ಲಿ, ಎನ್ನುವಂಥ ಉತಾರಗಳು ಅಲ್ಲಿ ಮಾಮೂಲು. ಮಾಲೀಕರ ಕಾಲಮ್ಮಿನಲ್ಲಿ 'ಕೊಮುನಿದಾದ್' ಎಂದಿದ್ದರೆ ಅದು ಊರಿನ ಮೂಲ ಗಾಂವ್ಕರರ ಕೂಟಕ್ಕೆ ಸೇರಿದ ಭೂಮಿ. ಪೋರ್ಚುಗೀಸರಿಗಿಂತ ಹಿಂದಿನಿಂದ ಬಂದ ಪದ್ಧತಿ ಅದು. ಯಾರೋ ಒಬ್ಬರು ಇಪ್ಪತ್ತು ರೂಪಾಯಿ ಬಾಂಡಿನ ಮೇಲೆ ಬರೆದುಕೊಟ್ಟು ಅದನ್ನು ಮಾರಲು ಬರುವುದಿಲ್ಲ. ಭತ್ತದ ಗದ್ದೆಯೂ ಹಾಗೆಯೇ. 2023ರ ಕಾಯ್ದೆಯ ಪ್ರಕಾರ ಅದನ್ನು ಕೃಷಿಕರಲ್ಲದವರಿಗೆ ಮಾರುವುದಕ್ಕೆ ನಿರ್ಬಂಧವಿದೆ. ಮನೆ ಕಟ್ಟಬೇಕಾದರೆ ಜಾಗ ವಸತಿ ವಲಯದಲ್ಲಿರಬೇಕು, ನಮ್ಮ ಬಿನ್‌ಶೇತ್ಕಿಗೆ (ಕೃಷಿಯೇತರ ಪರಿವರ್ತನೆಗೆ) ಸಮನಾದ 'ಸನದು' ಆಗಿರಬೇಕು.

2025ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟಿನ ಗೋವಾ ಪೀಠ ರಸ್ತೆ ಬದಿ, ಸರ್ಕಾರಿ ಮತ್ತು ಕೊಮುನಿದಾದ್ ಜಾಗದ ಅಕ್ರಮ ಕಟ್ಟಡಗಳ ಮೇಲೆ ಕ್ರಮಕ್ಕೆ ಆದೇಶಿಸಿತು. ಅದಾದ ಮೇಲೆ ವಿಧಾನಸಭೆ, 2014ರ ಫೆಬ್ರುವರಿ 28ಕ್ಕೆ ಮೊದಲು ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಗಳನ್ನು ಷರತ್ತಿನ ಮೇಲೆ ಸಕ್ರಮ ಮಾಡುವ ತಿದ್ದುಪಡಿ ತಂದಿತು. ಅಲ್ಲಿ ಹಳೆಯ ಮನೆ ಇರುವವರು ಕಟ್ಟಿದ ವರ್ಷ ತೋರಿಸುವ ಹಳೆಯ ಮನೆಪಟ್ಟಿ ರಸೀದಿ, ಹಳೆಯ ಕರೆಂಟ್ ಬಿಲ್ ಹುಡುಕಿ ತೆಗೆದಿಟ್ಟುಕೊಳ್ಳಬೇಕು. 2014ರ ನಂತರ ಕಟ್ಟಿದ್ದಕ್ಕೆ ಈ ಬಾಗಿಲು ತೆರೆದಿಲ್ಲ. ಏಜೆಂಟರು ಏನೇ ಹೇಳಲಿ.

ಮದುವೆಯಾದರೆ ಆಸ್ತಿ ಯಾರದು?

ಪೋರ್ಚುಗೀಸರು ಬಿಟ್ಟುಹೋದ ಕಾನೂನು ಎಂದೆನಲ್ಲ, ಅದು 1867ರ ನಾಗರಿಕ ಸಂಹಿತೆ. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಗೋವಾದವರಿಗೆಲ್ಲ ಹೆಚ್ಚುಕಡಿಮೆ ಒಂದೇ ಕುಟುಂಬ ಕಾನೂನು. ಅದರ ಪ್ರಕಾರ ಬೇರೆ ಕರಾರು ಬರೆಸದಿದ್ದರೆ, ಮದುವೆಯಾದ ಕೂಡಲೇ ಗಂಡ-ಹೆಂಡತಿಯ ಆಸ್ತಿ ಒಂದಾಗುತ್ತದೆ. ಎರಡು ಮನೆಯ ಜೋಳವನ್ನು ಒಂದೇ ಹಗೇವಿಗೆ ಸುರಿದಂತೆ. ಸುರಿದ ಮೇಲೆ ಯಾರ ಚೀಲದ್ದು ಎಷ್ಟು ಎಂದು ಕೇಳುವಂತಿಲ್ಲ, ಇಬ್ಬರಿಗೂ ಅರ್ಧರ್ಧ. ಒಬ್ಬರೇ ಸಹಿ ಹಾಕಿ ಮನೆ, ಜಾಗ ಮಾರಲು ಬರುವುದಿಲ್ಲ. ಬೇರೆ ಬೇರೆಯೇ ಇರಲಿ ಎನ್ನುವವರು ಮದುವೆಗೆ ಮೊದಲೇ ಕರಾರು ನೋಂದಾಯಿಸಬೇಕು.

ಇಲ್ಲಿಯೇ ಮದುವೆಯಾಗಿ ಕೆಲಸಕ್ಕೆಂದು ಅಲ್ಲಿಗೆ ಹೋದ ದಂಪತಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಅಲ್ಲೇ ಬೆಳೆದ ಮಗನೋ ಮಗಳೋ ಗೋವಾದವರನ್ನು ಮದುವೆಯಾಗಿ ಅಲ್ಲೇ ನೋಂದಣಿ ಮಾಡಿಸುವಾಗ ಇದು ಮುಖ್ಯವಾಗುತ್ತದೆ. ಗೋವಾದವರ ಆಸ್ತಿ ಹೊರ ರಾಜ್ಯದಲ್ಲಿದ್ದರೂ ವಾರಸುದಾರಿಕೆಗೆ ಗೋವಾ ಕಾನೂನೇ ಅನ್ವಯ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಊರಿನ ಹೊಲದ ಮಾತೂ ಬಂದೀತು. ಸಹಿ ಹಾಕುವ ಮೊದಲು ಅಲ್ಲಿಯ ವಕೀಲರೊಬ್ಬರನ್ನು ಕೇಳುವುದು ಒಳ್ಳೆಯದು. ಹೆಣ್ಣುಮಕ್ಕಳ ಪಾಲಿಗೆ ಮಾತ್ರ ಇದು ನಮ್ಮ ಕಡೆಯ ರೂಢಿಗಿಂತ ಗಟ್ಟಿ ಕಾನೂನು.

ಮಳೆ, ಊಟ, ಓಡಾಟ

ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಪಣಜಿಯಲ್ಲಿ ಅದರ ನಾಲ್ಕೈದು ಪಟ್ಟು. ಒಗೆದ ಬಟ್ಟೆ ಮೂರು ದಿನವಾದರೂ ಹಸಿ. ಊರಿಂದ ಕಟ್ಟಿಕೊಟ್ಟ ಖಡಕ್ ರೊಟ್ಟಿ ಎರಡೇ ದಿನದಲ್ಲಿ ಮೆತ್ತಗಾಗುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಬರುತ್ತದೆ. ಬೇಸಿಗೆಯಲ್ಲಿ ವಿಜಯಪುರದ 40 ಡಿಗ್ರಿ ಬಿಸಿಲಿಲ್ಲ. ಆದರೆ ಬೆವರು ಆರುವುದೇ ಇಲ್ಲ.

ಕಾಯಿಪಲ್ಲೆ ಬಹುಪಾಲು ಬೆಳಗಾವಿಯಿಂದಲೇ ಹೋಗುತ್ತದೆ. ಗೋವಾ ಸರ್ಕಾರದ ತೋಟಗಾರಿಕಾ ನಿಗಮದ ಗಾಡಿಗಳಲ್ಲಿ ರಿಯಾಯಿತಿ ದರಕ್ಕೆ ಸಿಗುತ್ತದೆ. ಹೊರಗೆ ಕೊಂಡರೆ ತುಟ್ಟಿ. ಪೆಟ್ರೋಲ್ ಇಲ್ಲಿಗಿಂತ ಕಡಿಮೆ. ಸೆರೆಯೂ ಅಗ್ಗ. ಅದು ಲಾಭದ ಸಾಲಿಗೆ ಸೇರುತ್ತದೋ ನಷ್ಟದ ಸಾಲಿಗೋ ಎಂದು ಶನಿವಾರದ ಪಗಾರಕ್ಕೆ ಕಾಯುವ ಮನೆಯವರನ್ನು ಕೇಳಬೇಕು.

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ, ಚೋರ್ಲಾ ದಾಟಿ ಸಾಖಳಿಗೆ ಇಳಿಯುವುದು ಒಂದು ದಾರಿ. ಖಾನಾಪುರ, ರಾಮನಗರ, ಅನಮೋಡ ಮೂಲಕ ಮೊಲ್ಲೆಮ್‌ಗೆ ಇಳಿಯುವುದು ಇನ್ನೊಂದು. ರೈಲು ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರ ದಾಟಿ ಹೋಗುತ್ತದೆ. ಮಳೆಗಾಲದಲ್ಲಿ ಈ ದಾರಿಗಳಲ್ಲಿ ಗುಡ್ಡ ಕುಸಿಯುವುದುಂಟು. ಊರಲ್ಲಿ ಯಾರಿಗೋ ಹುಷಾರಿಲ್ಲ ಎಂದು ಫೋನ್ ಬಂದ ರಾತ್ರಿಯೇ ದಾರಿ ಬಂದಾದರೆ ಹೊರಗಿರುವವರ ಪಾಡು ಅಷ್ಟಿಷ್ಟಲ್ಲ. ಗೋವಾದ ಒಳಗೆ ಓಲಾ, ಉಬರ್ ಕಾರು ಸಿಗುವುದಿಲ್ಲ, ಟ್ಯಾಕ್ಸಿ ತುಟ್ಟಿ. ಸಂಜೆಯಾದ ಮೇಲೆ ಹಳ್ಳಿ ಕಡೆ ಬಸ್ಸು ವಿರಳ. ಗೇರ್ ಗಾಡಿಯೋ ಸ್ಕೂಟಿಯೋ ಒಂದು ಬೇಕೇ ಬೇಕು. ಊರಿನ ಕೆಎ ನಂಬರ್ ಗಾಡಿ ಒಯ್ದರೆ, 12 ತಿಂಗಳಿಗಿಂತ ಹೆಚ್ಚು ಅಲ್ಲೇ ಇಟ್ಟುಕೊಳ್ಳುವುದಾದರೆ ಇಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತಂದು ಅಲ್ಲಿ ಮರುನೋಂದಣಿ ಮಾಡಿಸಬೇಕು.

ಮಕ್ಕಳು ಮತ್ತು ಮಾತು

ಕೊಂಕಣಿ ಅಲ್ಲಿಯ ರಾಜ್ಯಭಾಷೆ, ಮರಾಠಿಯೂ ಸರ್ಕಾರಿ ಬಳಕೆಯಲ್ಲಿದೆ. ಮರಾಠಿ ಬಲ್ಲ ಬೆಳಗಾವಿಯವರಿಗೆ ಮೊದಲ ದಿನದಿಂದಲೇ ನಡೆಯುತ್ತದೆ. ಬಾಗಲಕೋಟೆ, ವಿಜಯಪುರದವರು ಹಿಂದಿಯಲ್ಲಿ ದಾರಿ ಹುಡುಕುತ್ತಾರೆ. ಕನ್ನಡ ಶಾಲೆಗಳು ಕೆಲವೇ ಇವೆ. ಘಾಟಿನ ಮೇಲಿನಿಂದ ಬಂದವರನ್ನು ಹೀಯಾಳಿಸುವ ಮಾತು ಆಗಾಗ ಕಿವಿಗೆ ಬೀಳುತ್ತದೆ. ಮಹದಾಯಿ ಗಲಾಟೆ ಜೋರಾದಾಗ ಅದು ಇನ್ನೂ ಜಾಸ್ತಿ. ಜೊತೆಗೆ ಕೆಲಸ ಮಾಡುವವರು, ಅಕ್ಕಪಕ್ಕದವರು ಹಾಗಲ್ಲ, ಚೌತಿಗೆ ಕರೆದು ಊಟ ಹಾಕುತ್ತಾರೆ.

ಶಾಲೆಯ ವಿಷಯದಲ್ಲಿ ಒಂದು ಹೊಸ ತೊಡಕಿದೆ. ಗೋವಾದಲ್ಲಿ 2025ರಿಂದ ದೊಡ್ಡ ತರಗತಿಗಳ ಶಾಲಾ ವರ್ಷ ಏಪ್ರಿಲ್‌ನಲ್ಲೇ ಶುರುವಾಗುತ್ತಿದೆ. ನಮ್ಮ ಕಡೆ ಮೇ ಕೊನೆಗೆ. ಬೇಸಿಗೆ ರಜೆ ಮುಗಿಸಿ ನಿಧಾನಕ್ಕೆ ಮಗುವನ್ನು ಸೇರಿಸೋಣ ಎಂದುಕೊಂಡರೆ ಅಲ್ಲಿ ಪಾಠ ಆಗಲೇ ಮುಂದೆ ಹೋಗಿರುತ್ತದೆ. ವರ್ಗಾವಣೆ ಪತ್ರವನ್ನು ಮಾರ್ಚ್ ಕೊನೆಗೇ ಕೇಳಿ ಪಡೆಯಬೇಕು.

ಹೆಸರು ಎಲ್ಲಿರಬೇಕು?

ಮತದಾರರ ಪಟ್ಟಿಯಲ್ಲಿ ಹೆಸರು ಒಂದೇ ಕಡೆ ಇರಬೇಕು. ಎರಡು ಕಡೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ, ಸುಳ್ಳು ಘೋಷಣೆ ಕೊಟ್ಟರೆ ಶಿಕ್ಷೆಯೂ ಇದೆ. ಎಲ್ಲಿ ಎಂಬುದಕ್ಕೆ ಕಾನೂನು ಕೇಳುವುದು ನೀವು ಸಾಮಾನ್ಯವಾಗಿ ಎಲ್ಲಿ ವಾಸವಿದ್ದೀರಿ ಎಂಬುದನ್ನು. ಊರಲ್ಲಿ ಮನೆ, ಹೊಲ ಇದೆ ಎಂಬುದಷ್ಟೇ ಸಾಲದು. ಕೆಲಸಕ್ಕೆ ಕೆಲವು ತಿಂಗಳು ಹೋಗಿ ಬರುವವರು ಊರಿನವರೇ. ಸಂಸಾರ ಸಮೇತ ಗೋವಾದಲ್ಲೇ ಇರುವವರು ಫಾರ್ಮ್ 8 ತುಂಬಿ ಹೆಸರು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಫಾರ್ಮ್ 6 ಮೊದಲ ಬಾರಿ ಹೆಸರು ಸೇರಿಸುವವರಿಗೆ. ವರ್ಗಾವಣೆಗೆ ಸುಮ್ನೆ ಅದನ್ನು ತುಂಬಿದರೆ ಹೆಸರು ಎರಡು ಕಡೆ ಆಗುವ ಅಪಾಯವಿದೆ.

ಹೆಸರು ಅಲ್ಲಿಗೆ ಹೋದರೆ ಊರಿನ ಹೊಲದ ಪಾಲು ತಪ್ಪುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗೇನಿಲ್ಲ. ಉತಾರದಲ್ಲಿರುವ ಹೆಸರಿಗೂ ಮತದಾರರ ಪಟ್ಟಿಗೂ ಸಂಬಂಧವಿಲ್ಲ. ಮನೆಯವರೆಲ್ಲರ ಹೆಸರೂ ಒಂದೇ ಕಡೆ ಇರಬೇಕೆಂಬ ನಿಯಮವೂ ಇಲ್ಲ. ಊರಲ್ಲಿರುವ ಅಪ್ಪ, ಅವ್ವನ ಹೆಸರು ಊರಲ್ಲೇ ಇರಲಿ, ವಾಸ್ಕೋದಲ್ಲಿರುವ ನಿಮ್ಮದು ವಾಸ್ಕೋದಲ್ಲಿರಬಹುದು.